ರಿವರ್ಸಣ್ಣ ನೋಡುವ ತುದಿ ಹಿಡಿದ ದಿನ

ಆ ಹೋಟೆಲಿನಲ್ಲಿ ಈ ಕಥೆಯ ಭಾವನನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಗೇಟಿನ ಸೆಕ್ಯೂರಿಟಿಯವನಿಂದ ಹಿಡಿದು ಲಾಂಡ್ರಿಯ ಹೆಂಗಸರ ತನಕ ಎಲ್ಲರಿಗೂ ಅವರು ರಿವರ್ಸಣ್ಣ. ಈ ಹೆಸರು ಯಾಕೆ ಬಂತು ಅನ್ನುವುದು ತಿಳಿಯಬೇಕಾದರೆ ಅವರ ಕೆಲಸದ ಒಂದು ಕಟ್ಟಳೆ ತಿಳಿಯಬೇಕು.

ದೊಡ್ಡ ಹೋಟೆಲಿನ ಸಭಾಂಗಣದಲ್ಲಿ ಮದುವೆಯೋ ಮೀಟಿಂಗೋ ಏನೇ ನಡೆಯಲಿ, ಅದಕ್ಕೆ ಮೊದಲು ಯಾರೋ ನಾಲ್ಕು ಜನ ಕುರ್ಚಿ, ಮೇಜು, ವೇದಿಕೆಯ ಹಲಗೆಗಳನ್ನು ಹೊತ್ತು ತಂದು ಜೋಡಿಸಿರುತ್ತಾರೆ. ಎಲ್ಲ ಮುಗಿದ ಮೇಲೆ ಅವರೇ ಕಿತ್ತು ಹೊತ್ತುಕೊಂಡು ಹೋಗುತ್ತಾರೆ. ಬಂದ ಅತಿಥಿಗೆ ಆ ಕುರ್ಚಿಗಳು ಅಲ್ಲೇ ಹುಟ್ಟಿ ಬೆಳೆದ ಹಾಗೆ ಕಾಣಬೇಕು, ಹೊತ್ತವರು ಕಾಣಬಾರದು. ಭಾರದ ಸಾಮಾನಾದರೆ ಇಬ್ಬರು ಬೇಕು. ಒಬ್ಬ ದಾರಿಗೆ ಮುಖ ಮಾಡಿ ನಡೆಯುತ್ತಾನೆ. ಇನ್ನೊಬ್ಬ ದಾರಿಗೆ ಬೆನ್ನು ಹಾಕಿ ಹಿಂದು ಹಿಂದಕ್ಕೆ ಹೆಜ್ಜೆ ಇಡುತ್ತಾನೆ. ಮೊದಲನೆಯದು ನೋಡುವ ತುದಿ, ಎರಡನೆಯದು ಬೆನ್ನ ತುದಿ. ನೋಡುವ ತುದಿಯವನು ಉದ್ದಕ್ಕೂ ಹೇಳುತ್ತಾ ಬರಬೇಕು: ಎಡಕ್ಕೆ, ಬಲಕ್ಕೆ, ಮೆಟ್ಟಿಲು, ನಿಲ್ಲು. ಬೆನ್ನ ತುದಿಯವನು ಕತ್ತು ತಿರುಗಿಸುವಂತಿಲ್ಲ. ತಿರುಗಿಸಿದರೆ ಭಾರ ವಾಲುತ್ತದೆ. ಅದಕ್ಕಿಂತ ಹೆಚ್ಚಾಗಿ, ನಿನ್ನ ಮಾತಿನ ಮೇಲೆ ನನಗೆ ನಂಬಿಕೆಯಿಲ್ಲ ಎಂದು ಜೊತೆಯವನ ಮುಖಕ್ಕೇ ಹೇಳಿದ ಹಾಗೆ.

ಬೆನ್ನ ತುದಿ ಯಾರಿಗೂ ಬೇಡ. ಮಂಡಿ ಹಿಡಿದುಕೊಳ್ಳುತ್ತದೆ, ಹಿಮ್ಮಡಿ ತರಚುತ್ತದೆ, ಮೇಲಿಂದ ಇನ್ನೊಬ್ಬನ ಅಪ್ಪಣೆಗೆ ಕುಣಿಯಬೇಕು. ಅದಕ್ಕೇ ಎಲ್ಲರೂ ಸರದಿಯ ಮೇಲೆ ಬದಲಾಯಿಸಿಕೊಳ್ಳುತ್ತಾರೆ, ಬದಲಾಯಿಸದಿದ್ದರೆ ಜಗಳವೂ ಆಡುತ್ತಾರೆ. ಭಾವ ಮಾತ್ರ ಸಾಮಾನು ಯಾವುದೇ ಇರಲಿ, ಬಸ್ಸಿನಲ್ಲಿ ಸೀಟು ಹಿಡಿಯುವವರಂತೆ ಓಡಿಹೋಗಿ ಬೆನ್ನ ತುದಿಗೇ ಕೈ ಹಾಕುತ್ತಿದ್ದರು. ವರ್ಷಗಟ್ಟಲೆ ಆ ಮನುಷ್ಯ ಹಿಂದಕ್ಕೇ ನಡೆದರು. ರಿವರ್ಸಣ್ಣ ಅನ್ನದೆ ಇನ್ನೇನು ಅಂದಾರು?

ನೋಡುವ ತುದಿಯಲ್ಲಿ ಯಾವಾಗಲೂ ಇರುತ್ತಿದ್ದವನು ಅವರ ಹೆಂಡತಿಯ ತಮ್ಮ, ಅವರನ್ನು ಭಾವ ಎಂದು ಕರೆಯುತ್ತಿದ್ದವನು. ಮೊದಲ ದಿನ ಭಾವ ಅವನನ್ನು ಹಿಂಬಾಗಿಲಿನಲ್ಲಿ ನಿಲ್ಲಿಸಿ ‘ಇವನು ನನ್ನ ಬಾಮೈದ’ ಎಂದು ಪರಿಚಯ ಮಾಡಿಸಿದ್ದೇ ತಪ್ಪಾಯಿತು. ಅವತ್ತಿನಿಂದ ಇಡೀ ಹೋಟೆಲಿಗೆ ಅವನು ಬಾಮೈದನೇ. ಅಡುಗೆಮನೆಯ ಹಿರಿಯ ಬಾಣಸಿಗನೂ ಬಾಮೈದ ಅನ್ನುತ್ತಿದ್ದ, ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವಳಾದ ಹೂ ಜೋಡಿಸುವ ಹುಡುಗಿಯೂ ಬಾಮೈದ ಅನ್ನುತ್ತಿದ್ದಳು. ‘ಒಬ್ಬರಿಗೆ ಬಾಮೈದ ಆಗೋಕೆ ಬಂದೆ, ಮುನ್ನೂರು ಜನಕ್ಕೆ ಆದೆ’ ಎಂದು ಅವನು ಗೊಣಗುತ್ತಿದ್ದ. ಒಳಗೊಳಗೆ ಅವನಿಗೆ ಅದು ಖುಷಿಯೇ ಇತ್ತು.

ಖುಷಿಗೆ ಕಾರಣವಿದೆ. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ತೀರಿಹೋದಾಗ ಅವನಿಗೆ ಒಂಬತ್ತು ವರ್ಷ. ಅಕ್ಕನ ಮದುವೆಯಾಯಿತು, ಅಕ್ಕನ ಸೆರಗು ಹಿಡಿದುಕೊಂಡು ಇವನೂ ಭಾವನ ಮನೆಗೆ ಬಂದ. ‘ಬೇರೆಯವರಿಗೆ ಬಳುವಳಿಯಾಗಿ ಪಾತ್ರೆ ಪಗಡ ಬರುತ್ತೆ, ನನಗೆ ಬಾಯಿ ಬಂತು’ ಎಂದು ಭಾವ ನಗಿಸುತ್ತಿದ್ದರು. ನಗಿಸುತ್ತಲೇ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಿದ್ದರು. ಜ್ವರ ಬಂದರೆ ಪಕ್ಕದಲ್ಲಿ ಕೂತವರು ಭಾವ, ಶಾಲೆಯಲ್ಲಿ ಕಿವಿ ಹಿಂಡಿಸಿಕೊಂಡು ಬಂದರೆ ಮಾಸ್ತರರ ಹತ್ತಿರ ಹೋಗಿ ನಿಂತವರು ಭಾವ. ತನ್ನ ಅಪ್ಪನ ಮುಖ ಅವನಿಗೆ ಮಸುಕಾಗಿ ನೆನಪಿತ್ತು, ಕಣ್ಣು ಮುಚ್ಚಿ ಅಪ್ಪ ಅಂದುಕೊಂಡರೆ ಬರುತ್ತಿದ್ದುದು ಭಾವನ ಮುಖ. ಅವನು ದೊಡ್ಡವನಾಗಿ ಎರಡು ಬೀದಿ ಆಚೆ ಒಂದು ಕೋಣೆ ಮಾಡಿಕೊಂಡ. ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ‘ಬಳುವಳಿಗೆ ಯಾರಾದ್ರೂ ಹೆಣ್ಣು ಕೊಡ್ತಾರಾ?’ ಅನ್ನುತ್ತಿದ್ದ.

ಹೋಟೆಲಿಗೆ ಸೇರಿದ ವರ್ಷವೇ ಅವನು ಸರಕಿನ ಲಿಫ್ಟಿನ ಹತ್ತಿರ ಜಾರಿಬಿದ್ದು ಎರಡೂ ಮಂಡಿ ಕೆಡಿಸಿಕೊಂಡ. ಹಿಂದಕ್ಕೆ ನಡೆದರೆ ಮಂಡಿಯೊಳಗೆ ಸೂಜಿ ಚುಚ್ಚಿದ ಹಾಗಾಗುತ್ತಿತ್ತು. ಅವನು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದರೆ ನಾಳೆಯಿಂದ ಕರೆಯುವುದಿಲ್ಲ ಎಂಬ ಭಯ. ಅವರೆಲ್ಲ ಕರೆದ ದಿನ ಬರುವ ಜನ, ಕರೆಯದಿದ್ದರೆ ಇಲ್ಲ. ಭಾವ ಅವನ ಮುಖ ನೋಡಿಯೇ ತಿಳಿದುಕೊಂಡು ‘ಆ ಕಡೆ ನೀನು ಹೋಗೋ, ನನಗೆ ನಿನ್ನ ಮುಖ ನೋಡ್ಕೊಂಡು ನಡೆಯೋದೇ ಚೆನ್ನ’ ಎಂದರು. ಅಂದು ಹಿಡಿದ ಬೆನ್ನ ತುದಿಯನ್ನು ಅವರು ಮತ್ತೆ ಬಿಡಲಿಲ್ಲ.

ಈಚಿನ ಮೂರು ವರ್ಷಗಳಲ್ಲಿ ಭಾವನಿಗೆ ಕೆಲವು ಹೊಸ ಅಭ್ಯಾಸಗಳು ಶುರುವಾಗಿದ್ದವು. ನಡೆಯುವಾಗ ತುಟಿಯಲ್ಲೇ ಹೆಜ್ಜೆ ಎಣಿಸುತ್ತಿದ್ದರು. ಲಿಫ್ಟಿನಿಂದ ಸಭಾಂಗಣದ ಬಾಗಿಲಿಗೆ ಅರವತ್ತನಾಲ್ಕು, ಬಾಗಿಲಿನಿಂದ ವೇದಿಕೆಗೆ ಮೂವತ್ತೆಂಟು, ವೇದಿಕೆಯ ಮೇಲೆ ಈ ತುದಿಯಿಂದ ಆ ತುದಿಗೆ ಹದಿನಾಲ್ಕು. ‘ಏನು ಭಾವ, ಜಪ ಮಾಡ್ತಿದೀರಾ?’ ಎಂದು ಬಾಮೈದ ಕಾಡಿಸಿದರೆ, ‘ಈ ಹೋಟೆಲ್ ನಂದೇ ಅಲ್ವೇನೋ, ಅಳತೆ ಗೊತ್ತಿರಬೇಡ್ವಾ?’ ಅನ್ನುತ್ತಿದ್ದರು. ಅಡ್ಡ ನಿಂತ ಬಟ್ಟೆ ಗಾಡಿಗೆ ಆಗಾಗ ಡಿಕ್ಕಿ ಹೊಡೆದು, ಆ ಗಾಡಿಗೇ ‘ನೋಡ್ಕೊಂಡು ಹೋಗಮ್ಮಾ’ ಎಂದು ಬುದ್ಧಿ ಹೇಳುತ್ತಿದ್ದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಂಕು ದೀಪದ ಹಿಂದಿನ ಓಣಿಯಲ್ಲಿ ಒಂದು ಕೈ ಗೋಡೆಗೆ ಸವರಿಕೊಂಡೇ ಹೋಗುತ್ತಿದ್ದರು. ಹೊರುವಾಗ ಬಾಮೈದ ಒಂದು ಗಳಿಗೆ ಸುಮ್ಮನಾದರೆ ‘ಮಾತಾಡ್ತಿರೋ, ನೀನು ಸುಮ್ಮನಿದ್ರೆ ತೂಕ ಜಾಸ್ತಿಯಾಗುತ್ತೆ’ ಅನ್ನುತ್ತಿದ್ದರು.

ಇಷ್ಟೆಲ್ಲ ಕಣ್ಣೆದುರೇ ನಡೆಯುತ್ತಿತ್ತು. ಬಾಮೈದ ವಯಸ್ಸಾಯಿತು ಅಂದುಕೊಂಡ. ತೀರ ಹತ್ತಿರದವರನ್ನು ನಾವು ನೋಡುವುದು ಹೀಗೆಯೇ, ಅರ್ಧಂಬರ್ಧ. ಅವನನ್ನು ಬೈಯುವುದಕ್ಕೂ ನನಗೆ ಮನಸ್ಸು ಬರುವುದಿಲ್ಲ.

ಆ ವರ್ಷ ಹೋಟೆಲಿನವರು ಕರೆದ ದಿನ ಬರುವವರಲ್ಲಿ ಒಬ್ಬರನ್ನು ಕಾಯಂ ಮಾಡಿಕೊಳ್ಳುತ್ತೇವೆ ಎಂದರು. ಒಬ್ಬರನ್ನು ಮಾತ್ರ. ಭಾವನಿಗೆ ಐವತ್ತೇಳು. ಐವತ್ತೆಂಟು ತುಂಬಿದ ಮೇಲೆ ಕಾಯಂ ಅಲ್ಲದವರನ್ನು ಕರೆಯುವುದೇ ಇಲ್ಲ ಎಂಬ ನಿಯಮ ಬೇರೆ ಬಂದಿತ್ತು. ಅಂದರೆ ಈ ಸಲ ಆದರೆ ಆಯಿತು, ಇಲ್ಲವಾದರೆ ಇಪ್ಪತ್ತೆರಡು ವರ್ಷದ ಕೆಲಸಕ್ಕೆ ಹಿಂಬಾಗಿಲಿನಲ್ಲೇ ನಮಸ್ಕಾರ.

ಭಾವ ಅದನ್ನು ಎಷ್ಟು ಬಯಸುತ್ತಿದ್ದರು ಎಂಬುದು ಬಾಮೈದನಿಗೆ ಒಬ್ಬನಿಗೇ ಗೊತ್ತು. ಕಾಯಂ ಆದವರ ಅಂಗಿಯ ಮೇಲೆ ಹೆಸರು ಹೊಲಿದಿರುತ್ತದೆ. ಇವರದು ನಂಬರಿನ ಬಿಲ್ಲೆ, ಬೆಳಿಗ್ಗೆ ಕೊಟ್ಟದ್ದನ್ನು ಸಂಜೆ ಬಿಚ್ಚಿ ವಾಪಸ್ ಕೊಡಬೇಕು. ಕಾಯಂ ಆದವರು ಸಿಬ್ಬಂದಿಯ ಊಟದ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು ಉಣ್ಣುತ್ತಾರೆ. ಇವರು ಓಣಿಯಲ್ಲಿ, ಕೊಳೆ ಬಟ್ಟೆಯ ಗಾಡಿಗಳ ಪಕ್ಕ ನಿಂತುಕೊಂಡು ಡಬ್ಬಿ ಬಿಚ್ಚುತ್ತಾರೆ. ‘ಲಕ್ಷ ಕುರ್ಚಿ ಹಾಕಿರಬಹುದು ಕಣೋ ನಾನು. ಒಂದರ ಮೇಲಾದ್ರೂ ಕೂತು ಊಟ ಮಾಡಿ ರಿಟೈರ್ ಆಗ್ತೀನಿ’ ಎಂದು ಒಂದು ದಿನ ಅವರು ಹೇಳಿದ್ದರು. ಯಾವಾಗಲೂ ಮಾತಿನ ಕೊನೆಗೆ ನಗುವವರು ಅವತ್ತು ನಗಲಿಲ್ಲ. ಬಾಮೈದ ತಾನು ಅರ್ಜಿಯನ್ನೇ ಹಾಕಲಿಲ್ಲ.

ಆಗ ಮೂಗು ತೂರಿಸಿದವನು ಸಭಾಂಗಣದ ಕ್ಯಾಪ್ಟನ್, ಬಡಿಸುವ ಹುಡುಗರ ಮೇಸ್ತ್ರಿ. ಕೆಟ್ಟವನಲ್ಲ, ಆದರೆ ಗೊತ್ತಿಲ್ಲದ್ದನ್ನೂ ಗೊತ್ತಿದ್ದವನ ಹಾಗೆ ಹೇಳುವ ಚಟ. ಬಾಮೈದನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಊದಿದ:

‘ನಿಮ್ಮ ಭಾವನಿಗೆ ಸಿಗೋದು ಕಷ್ಟ ಕಣಯ್ಯ. ಮ್ಯಾನೇಜರ್‌ಗೆ ಬೇಕಿರೋದು ನಾಲ್ಕು ಜನರನ್ನ ನಡೆಸೋ ಮನುಷ್ಯ. ಇವರು ಯಾವಾಗ ನೋಡಿದ್ರೂ ಬೆನ್ನ ತುದೀಲಿ, ನೀನು ಹೇಳಿದ್ದಕ್ಕೆ ಹೂಂ ಅನ್ಕೊಂಡು ಹೋಗ್ತಿರ್ತಾರೆ. ಹಂಗಿದ್ರೆ ಯಾರ ಕಣ್ಣಿಗೆ ಬೀಳ್ತಾರೆ ಹೇಳು?’

ಬಾಮೈದ ಅದನ್ನು ನಂಬಿದ. ತನ್ನ ಮಂಡಿಯ ದೆಸೆಯಿಂದ ಭಾವನ ಬಾಳು ಕೆಡುತ್ತಿದೆಯಲ್ಲ! ಹದಿನೈದು ವರ್ಷ ತನಗಾಗಿ ಹಿಂದಕ್ಕೆ ನಡೆದವರಿಗೆ ತಾನು ಇಷ್ಟು ಮಾಡಲಾರೆನೆ? ಮಂಡಿಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡು ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಹಿಂದಕ್ಕೆ ನಡೆದು ಅಭ್ಯಾಸ ಮಾಡಿದ. ನೋವಿಗೆ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಭಾವನಿಗೆ ಒಂದು ಮಾತು ಮೊದಲೇ ಹೇಳಿದ್ದರೆ ಸಾಕಿತ್ತು. ಹೇಳಿದರೆ ಬೇಡ ಅನ್ನುತ್ತಾರೆ ಎಂದು ಬಾಯಿಗೆ ಬೀಗ ಹಾಕಿಕೊಂಡ.

ಆ ದಿನ ಬೆಳಿಗ್ಗೆ ಯಾವುದೋ ದೊಡ್ಡ ಕಂಪನಿಯ ವಾರ್ಷಿಕ ಸಭೆಗೆ ಹಾಲ್ ಸಿದ್ಧವಾಗುತ್ತಿತ್ತು. ತೂಗುದೀಪಗಳೆಲ್ಲ ಉರಿಯುತ್ತಿದ್ದವು. ಐನೂರು ಕುರ್ಚಿಗಳು ಬಿಳಿ ಗವಸು ತೊಟ್ಟು ಸಾಲಾಗಿ ನಿಂತಿದ್ದವು. ನೂಲು ಹಿಡಿದು ಸಾಲು ನೇರ ಮಾಡಿದ್ದು ಭಾವ, ಅದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಮ್ಯಾನೇಜರ್ ಕೈಯಲ್ಲಿ ಫೈಲು ಹಿಡಿದು ಮೊದಲ ಸಾಲಿನ ಮುಂದೆ ನಿಂತಿದ್ದರು. ಬಾಕಿ ಉಳಿದದ್ದು ಭಾಷಣ ಮಾಡುವವರ ಪೋಡಿಯಂ ಒಂದೇ. ಗಟ್ಟಿ ಮರದ್ದು, ಮಲಗಿಸಿಕೊಂಡು ಹೊರಬೇಕು, ಮೆಟ್ಟಿಲು ಹತ್ತಿಸಿ ವೇದಿಕೆಯ ಈ ತುದಿಯಿಂದ ಆ ತುದಿಗೆ ಒಯ್ಯಬೇಕು.

ಭಾವ ಎಂದಿನಂತೆ ಬೆನ್ನ ತುದಿಗೆ ಹೋದರು. ಅಲ್ಲಿ ಆಗಲೇ ಬಾಮೈದ ನಿಂತಿದ್ದ.

‘ಆ ಕಡೆ ಹೋಗೋ.’

‘ಇವತ್ತು ನೀವು ಆ ಕಡೆ ಭಾವ. ನನ್ನ ಮಂಡಿ ಈಗ ಸರಿಯಾಗಿದೆ.’

‘ಸರಿಯಾದ ಮಂಡಿನ ಮನೇಲಿ ಜೋಪಾನವಾಗಿಟ್ಕೋ. ಹೋಗು ಅಂದೆ.’

‘ಇಲ್ಲ ಭಾವ.’

ಭಾವ ಹತ್ತಿರ ಬಂದು ಸಣ್ಣ ದನಿಯಲ್ಲಿ ‘ಬೇಡ ಕಣೋ. ಹಟ ಮಾಡಬೇಡ’ ಎಂದರು. ಆ ದನಿಯಲ್ಲಿ ಬೇಡಿಕೆಯಿತ್ತು. ಅವರು ನಾಚಿಕೊಳ್ಳುತ್ತಿದ್ದಾರೆ ಎಂದುಕೊಂಡ ಬಾಮೈದ, ಮ್ಯಾನೇಜರಿಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದ:

‘ಸಾರ್, ನಮ್ಮಲ್ಲಿ ಎಲ್ಲಾ ನಡೆಸೋದು ಭಾವನೇ. ಅವರು ಹೇಳಿದ ಹಾಗೆ ನಾವು ಕಣ್ಣು ಮುಚ್ಕೊಂಡು ಹೆಜ್ಜೆ ಇಡ್ತೀವಿ.’

ಮ್ಯಾನೇಜರ್ ಫೈಲಿನಿಂದ ತಲೆ ಎತ್ತಿ ನೋಡಿದರು. ಕ್ಯಾಪ್ಟನ್ ನೋಡಿದ. ಹೂ ಜೋಡಿಸುವ ಹುಡುಗಿಯೂ ಕೈ ನಿಲ್ಲಿಸಿ ನೋಡಿದಳು. ಭಾವ ಒಂದು ಗಳಿಗೆ ನಿಂತರು. ಆಮೇಲೆ ಹೋಗಿ ನೋಡುವ ತುದಿಗೆ ಕೈ ಹಾಕಿದರು.

ಮೆಟ್ಟಿಲು ಸುಸೂತ್ರವಾಗಿ ಹತ್ತಿದರು. ‘ಮೆಟ್ಟಿಲು. ಇನ್ನೊಂದು. ಇನ್ನೊಂದು. ಬಂತು ಮೇಲೆ.’ ಭಾವನ ದನಿ ಖಣಖಣ ಎನ್ನುತ್ತಿತ್ತು. ಬಾಮೈದನಿಗೆ ಮಂಡಿ ಉರಿಯುತ್ತಿತ್ತು, ಎದೆ ಮಾತ್ರ ಹಿಗ್ಗಿ ಹೋಗಿತ್ತು. ನೋಡಲಿ, ಎಲ್ಲರೂ ನೋಡಲಿ ಇವರನ್ನು!

ಹಿಂದಿನ ದಿನ ಅಲಂಕಾರದವರು ವೇದಿಕೆಯ ನಡುವಿನಿಂದ ಗಣ್ಯರು ಇಳಿದು ಬರುವುದಕ್ಕೆ ದಾರಿ ಬೇಕೆಂದು ಒಂದು ಹಲಗೆ ತೆಗೆಸಿದ್ದರು. ಆ ಪಾಳಿಯಲ್ಲಿ ಇವರಿಬ್ಬರೂ ಇರಲಿಲ್ಲ. ಸೊಂಟದೆತ್ತರದ ವೇದಿಕೆಯ ನಡುಮಧ್ಯೆ ಒಂದು ಕಂಡಿ ಬಾಯ್ದೆರೆದು ನಿಂತಿತ್ತು. ಬೆಳಗಿನಿಂದ ಎಲ್ಲರ ಕಣ್ಣಿಗೂ ಬಿದ್ದಿದ್ದ ಕಂಡಿ ಅದು. ಕುರ್ಚಿಗಳ ನಡುವೆ ತಲೆ ತಗ್ಗಿಸಿದ್ದ ಬಾಮೈದ ಒಬ್ಬ ನೋಡಿರಲಿಲ್ಲ. ನೋಡುವುದು ಅವನ ಪಾಲಿನ ಕೆಲಸವೂ ಆಗಿರಲಿಲ್ಲ. ನೋಡುವ ತುದಿಯವರು ಹೇಗೂ ನಿಲ್ಲು ಅನ್ನುತ್ತಾರೆ ಎಂದುಕೊಂಡು ಕೆಳಗಿದ್ದವರು ಯಾರೂ ಕೂಗಲಿಲ್ಲ.

‘ಬಾ, ಬಾ. ಇನ್ನೂ ಎಂಟು ಹೆಜ್ಜೆ ಇದೆ. ಧೈರ್ಯವಾಗಿ ಬಾ’ ಎಂದರು ಭಾವ.

ಬಾಮೈದ ಧೈರ್ಯವಾಗಿ ಹೆಜ್ಜೆ ಇಟ್ಟ. ಕಾಲಿಗೆ ನೆಲ ಸಿಗಲಿಲ್ಲ. ಅವನು ಬಿದ್ದ, ಅವನ ಮೇಲೆ ಪೋಡಿಯಂ ಬಿತ್ತು, ಎಡಗಾಲಿನ ಎಲುಬು ಮುರಿದ ಸದ್ದು ಅವನಿಗೇ ಕೇಳಿಸಿತು.

ಆದರೆ ಅವನ ಮನಸ್ಸಿನಲ್ಲಿ ನಿಂತದ್ದು ಆ ಸದ್ದಲ್ಲ. ಭಾವ ವೇದಿಕೆಯ ಮೇಲೆ ಮೊಣಕಾಲೂರಿ ಎರಡೂ ಕೈಗಳಿಂದ ಹಲಗೆ ಸವರುತ್ತಾ ‘ಎಲ್ಲಿದ್ದೀಯೋ? ಲೋ, ಎಲ್ಲಿದ್ದೀಯೋ?’ ಎಂದು ಕೂಗುತ್ತಿದ್ದರು. ಅವನು ಇದ್ದದ್ದು ಅವರಿಂದ ಎರಡು ಮೊಳ ದೂರದಲ್ಲಿ. ನೂರು ದೀಪಗಳ ಬೆಳಕಿನಲ್ಲಿ ಭಾವನ ಕಣ್ಣು ಅವನ ತಲೆಯ ಮೇಲಿಂದ ಎಲ್ಲಿಗೋ, ಖಾಲಿ ಕುರ್ಚಿಗಳ ಕಡೆಗೆ, ದಿಟ್ಟಿಸುತ್ತಿತ್ತು. ಆಗ ಅವನಿಗೆ ಎಲ್ಲ ಅರ್ಥವಾಯಿತು. ಹೆಜ್ಜೆ ಎಣಿಸಿದ್ದು, ಗೋಡೆ ಸವರಿದ್ದು, ಗಾಡಿಗೆ ಬುದ್ಧಿ ಹೇಳಿದ್ದು, ಮಾತಾಡ್ತಿರೋ ಎಂದು ಗೋಗರೆದದ್ದು. ಎಲ್ಲವೂ ಒಟ್ಟಿಗೆ.

‘ಇಲ್ಲೇ ಇದ್ದೀನಿ ಭಾವ’ ಎಂದ. ಮ್ಯಾನೇಜರ್ ಓಡಿಬಂದರು. ಯಾರೋ ಪೋಡಿಯಂ ಎತ್ತಿದರು, ಯಾರೋ ಗಾಡಿ ತನ್ನಿ ಎಂದರು. ಬಾಮೈದ ಹಲ್ಲು ಕಚ್ಚಿ ಮ್ಯಾನೇಜರ್ ಕೈ ಹಿಡಿದುಕೊಂಡ.

‘ನಂದೇ ತಪ್ಪು ಸಾರ್. ಭಾವ ನಿಲ್ಲು ಅಂದ್ರು, ನಾನೇ ಕೇಳಿಸ್ಕೊಳ್ಳಲಿಲ್ಲ. ನಂದೇ ತಪ್ಪು.’

ಮ್ಯಾನೇಜರ್ ನಂಬಿದರು. ಆ ಗದ್ದಲದಲ್ಲಿ ಭಾವ ಏನು ಹೇಳಿದರು ಎಂದು ಯಾರಿಗೆ ನೆನಪಿತ್ತು? ಭಾವನ ಭುಜ ತಟ್ಟಿ ‘ನೀವು ಗಾಬರಿಯಾಗಬೇಡಿ. ನಿಮ್ಮ ತಪ್ಪೇನಿಲ್ಲ. ನಿಮ್ಮ ಕಾಗದ ನಿನ್ನೆಯೇ ಟೈಪ್ ಆಗಿದೆ, ಸಹಿ ಒಂದು ಬಾಕಿ’ ಎಂದರು.

ನಿನ್ನೆಯೇ. ಇಪ್ಪತ್ತೆರಡು ವರ್ಷದ ಕೆಲಸ ನೋಡಿ ಮ್ಯಾನೇಜರ್ ನಿನ್ನೆಯೇ ತೀರ್ಮಾನ ಮಾಡಿಬಿಟ್ಟಿದ್ದರು. ಕ್ಯಾಪ್ಟನ್ ಊದಿದ್ದೆಲ್ಲ ಬರೀ ಗಾಳಿ. ಭಾವ ಈವತ್ತು ಯಾವ ತುದಿಯನ್ನೂ ಹಿಡಿಯಬೇಕಾಗಿರಲಿಲ್ಲ. ನೆಲದ ಮೇಲೆ ಬಿದ್ದಿದ್ದ ಬಾಮೈದನಿಗೆ ಕಾಲಿನ ನೋವೇ ಮರೆತುಹೋಯಿತು. ಹೋಗಲಿ, ಹೇಗೂ ಸಿಕ್ಕಿತಲ್ಲ, ಈ ಸುಳ್ಳು ನಿಂತರೆ ಸಾಕು ಎಂದು ಅವನು ಕಣ್ಣು ಮುಚ್ಚಿದ.

‘ಇಲ್ಲ ಸಾರ್’ ಎಂದರು ಭಾವ. ಇನ್ನೂ ಮೊಣಕಾಲ ಮೇಲೆಯೇ ಇದ್ದರು. ‘ಅವನು ಸುಳ್ಳು ಹೇಳ್ತಿದ್ದಾನೆ. ನಾನು ನಿಲ್ಲು ಅನ್ನಲಿಲ್ಲ. ಬಾ ಅಂದೆ. ನನಗೆ ಕಾಣಲಿಲ್ಲ.’

‘ಅವಸರದಲ್ಲಿ ಯಾರಿಗಾದ್ರೂ...’

‘ಅವಸರ ಅಲ್ಲ ಸಾರ್. ನನಗೆ ಕಣ್ಣು ಕಾಣಲ್ಲ. ಎದುರಿಗಿರೋದು ಇಷ್ಟೇ ಇಷ್ಟು ಕಾಣುತ್ತೆ, ಸುತ್ತ ಏನೂ ಇಲ್ಲ. ಮೂರು ವರ್ಷ ಆಯ್ತು. ಮುಚ್ಚಿಟ್ಟಿದ್ದೆ.’

ಮ್ಯಾನೇಜರ್ ಕೆಟ್ಟ ಮನುಷ್ಯನಲ್ಲ, ಅವರ ಕಣ್ಣಲ್ಲೂ ನೀರು ಬಂದಿತ್ತು ಎಂದು ಹೂವಿನ ಹುಡುಗಿ ಆಮೇಲೆ ಹೇಳಿದಳು. ಆದರೆ ಒಬ್ಬನ ಕಾಲು ಮುರಿದಿತ್ತು, ಎಲ್ಲರೂ ಕೇಳಿಸಿಕೊಂಡಿದ್ದರು. ಮ್ಯಾನೇಜರ್ ಫೈಲು ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. ಸಂಜೆ ಭಾವ ನಂಬರಿನ ಬಿಲ್ಲೆ ವಾಪಸ್ ಕೊಟ್ಟು ಗೋಡೆ ಸವರಿಕೊಂಡು ಹಿಂಬಾಗಿಲಿನಿಂದ ಹೊರಗೆ ಹೋದರು. ಗೋಡೆ ಸವರುವುದನ್ನು ಇನ್ನು ಯಾರಿಂದಲೂ ಮರೆಮಾಚಬೇಕಾಗಿರಲಿಲ್ಲ.

ಮಾರನೆಯ ದಿನ ಆಸ್ಪತ್ರೆಗೆ ಅಕ್ಕ ಒಬ್ಬಳೇ ಬಂದಳು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟು ಮಂಚದ ತುದಿಯಲ್ಲಿ ಕೂತಳು.

‘ನಿಂಗೆ ಗೊತ್ತಿತ್ತಾ ಅಕ್ಕಾ?’

‘ಕಣ್ಣಿಗೆ ಹನಿ ಹಾಕ್ತಿದ್ದವಳು ನಾನೇ ಅಲ್ವೇನೋ. ಕಣ್ಣೊಳಗಿನ ಒತ್ತಡ ಅಂತೆ. ಹೋದದ್ದು ಬರಲ್ಲ, ಇರೋದನ್ನ ಉಳಿಸ್ಕೋಬಹುದು ಅಂದ್ರು ಡಾಕ್ಟ್ರು.’

‘ನಂಗೊಂದು ಮಾತು ಹೇಳಬಾರದಿತ್ತಾ?’

‘ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ರು. ಅವನಿಗೆ ಗೊತ್ತಾದ್ರೆ ಎಲ್ಲಾ ತಾನೇ ಹೊರೋಕೆ ಹೋಗ್ತಾನೆ, ಆ ಮಂಡಿ ಇಟ್ಕೊಂಡು, ಅಂತ. ಬೆನ್ನ ತುದಿಯವನಿಗೆ ಕಣ್ಣು ಯಾಕೆ ಬೇಕು, ನನ್ನ ಬಾಮೈದನ ಬಾಯಿ ಇದೆಯಲ್ಲ ಅಂತಿದ್ರು.’ ಅಕ್ಕ ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸಿದಳು, ಮತ್ತೆ ಬಿಚ್ಚಿದಳು. ‘ಕಾಯಂ ಆದ್ಮೇಲೆ ಸ್ಟೋರ್ ರೂಮಿಗೆ ಹೋಗೋದು ಅಂತ ಆಗಿತ್ತು. ಅಲ್ಲಿ ಒಳ್ಳೆ ಬೆಳಕು, ಕೂತ್ಕೊಂಡು ಮೇಜಿನ ಬಟ್ಟೆ ಮಡಚಿ ಎಣಿಸೋ ಕೆಲಸ. ಮುಖದೆದುರಿಗೆ ಇರೋದು ಅವರಿಗೆ ಕಾಣುತ್ತೆ, ಮಾಡ್ತಿದ್ರು. ಸ್ಟೋರಿನವರೂ ಒಪ್ಪಿದ್ರು. ಇನ್ನೊಂದು ವಾರ...’

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಬಾಮೈದ ಕ್ಯಾಪ್ಟನ್ ಹೇಳಿದ್ದು, ತಾನು ಹೂಡಿದ ಹೂಟ, ಎಲ್ಲವನ್ನೂ ಅವಳ ಮುಂದೆ ಸುರಿದ. ಅಕ್ಕ ಎರಡು ಬಾರಿಸಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಅವಳು ಅವನ ತಲೆ ಸವರಿ ‘ಕಾಫಿ ಆರಿಹೋಗುತ್ತೆ, ಕುಡಿ’ ಎಂದಳು.

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಅವನು ಅಕ್ಕನ ಮನೆಗೇ ಬಂದ, ಬೇರೆ ಎಲ್ಲಿಗೆ ಹೋಗುತ್ತಾನೆ? ಒಳಕೋಣೆಯ ಮಂಚವನ್ನು ಭಾವ ಅವನಿಗೆ ಬಿಟ್ಟುಕೊಟ್ಟು ತಾವು ನಡುಮನೆಯಲ್ಲಿ ಚಾಪೆ ಹಾಸಿಕೊಂಡರು. ಒಂದೇ ಸೂರಿನ ಕೆಳಗೆ ಇದ್ದರೂ ಅವರು ಅವನ ಕೋಣೆಗೆ ಕಾಲಿಡಲಿಲ್ಲ. ‘ಊಟ ಆಯ್ತಾ ಅವನದು?’ ಎಂದು ಅಕ್ಕನನ್ನು ಕೇಳುವ ದನಿ ಮಾತ್ರ ಗೋಡೆಯಾಚೆಯಿಂದ ಬರುತ್ತಿತ್ತು. ಬೆಳಿಗ್ಗೆ ಎದ್ದು ಕ್ಷೌರ ಮಾಡಿಕೊಂಡು, ಕೆಲಸಕ್ಕೆ ಹೊರಟವರಂತೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೂತರೆ ಊಟಕ್ಕೇ ಏಳುತ್ತಿದ್ದುದು. ಬೀದಿಯಲ್ಲಿ ಹೋಗುವವರು ಮಾತಾಡಿಸಿದರೆ ಹೂಂ, ಉಹೂಂ. ನಗಿಸುವ ಬಾಯಿಗೆ ಏನಾಯಿತು ಎಂದು ನೆರೆಯವರೆಲ್ಲ ಅಕ್ಕನನ್ನು ಕೇಳಿದರು.

ಮಂಚದ ಮೇಲೆ ಬಿದ್ದುಕೊಂಡು ಬಾಮೈದ ಲ್ಯಾಂಪಿನ ಹಾಗೆ ಒಂದೇ ಕಡೆ ಉರಿಯುತ್ತಿದ್ದ. ಅವರಿಗೆ ತನ್ನ ಮೇಲೆ ಸಿಟ್ಟು, ಇರಲೇಬೇಕು. ಅನ್ನ ಕೊಟ್ಟವರ ಬಾಯಿಗೇ ಮಣ್ಣು ಹಾಕಿದವನು ತಾನು. ಅವರು ಬಂದು ನಾಲ್ಕು ಮಾತು ಉಗಿದರೆ ಬದುಕಿಕೊಂಡೇನು ಅನ್ನಿಸುತ್ತಿತ್ತು. ಹೀಗೆ ಐದು ವಾರ ಕಳೆಯಿತು. ಅವನ ಮೊಬೈಲಿಗೆ ಹೋಟೆಲಿನಿಂದ ಫೋನು ಬಂತು, ಕಾಲು ಕೂಡಿದ ಮೇಲೆ ಬರಬಹುದು, ನಿನ್ನ ಜಾಗ ಇಟ್ಟಿದ್ದೇವೆ ಎಂದು. ಜೊತೆಗೆ ಇನ್ನೊಬ್ಬನನ್ನು ಕೊಡುತ್ತೇವೆ ಎಂದೂ ಹೇಳಿದರು. ಅದನ್ನು ಕೇಳಿದ ಮೇಲೆ ಅವನಿಂದ ತಡೆಯಲಾಗಲಿಲ್ಲ.

ಮಧ್ಯಾಹ್ನ, ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಬಾಮೈದ ಊರುಗೋಲು ಊರಿಕೊಂಡು ಹೊರಗೆ ಬಂದು, ಗೋಡೆ ಹಿಡಿದು, ಕಷ್ಟಪಟ್ಟು ಭಾವನ ಪಕ್ಕ ಮೆಟ್ಟಿಲ ಮೇಲೆ ಕೂತ. ಭಾವ ಸ್ವಲ್ಪ ಸರಿದು ಜಾಗ ಕೊಟ್ಟರು. ಮುಖ ತಿರುಗಿಸಲಿಲ್ಲ.

‘ಬೈಯಿರಿ ಭಾವ’ ಎಂದ.

ಭಾವ ಅಂಗಿಯ ತೋಳನ್ನು ಎಳೆದು ನೇರ ಮಾಡಿಕೊಂಡರು.

‘ನಾನು ಹಟ ಮಾಡಿ ಆ ತುದಿಗೆ ನಿಲ್ಲಿಸದೆ ಇದ್ದಿದ್ರೆ ನೀವಿವತ್ತು ಸ್ಟೋರಲ್ಲಿ ಕುರ್ಚಿ ಮೇಲೆ ಕೂತಿರ್ತಿದ್ರಿ. ನಿಮ್ಮ ಅನ್ನ ಕಿತ್ತವನು ನಾನು. ಬೈಯಿರಿ, ಹೊಡೀರಿ, ಏನಾದ್ರೂ ಮಾಡಿ. ಹಿಂಗೆ ಸುಮ್ಮನೆ ಮಾತ್ರ ಇರಬೇಡಿ.’

ಭಾವ ಕೈ ಚಾಚಿದರು. ಆ ಕೈ ಮೊದಲು ಮೆಟ್ಟಿಲಿಗೆ ತಾಗಿತು, ಆಮೇಲೆ ಊರುಗೋಲಿಗೆ, ಆಮೇಲೆ ಪ್ಲಾಸ್ಟರಿಗೆ. ಪ್ಲಾಸ್ಟರಿನ ಮೇಲೆ ಅದು ನಿಂತಿತು.

‘ನಿನ್ನನ್ನ ಯಾಕೋ ಬೈಲಿ?’ ಎಂದರು. ‘ಇಪ್ಪತ್ತೆರಡು ವರ್ಷ ಅಲ್ಲಿ ಎಲ್ಲರ ಮಾತು ಕೇಳ್ಕೊಂಡು ನಡೆದೆ. ನನ್ನ ಮಾತು ನಂಬಿ, ಕತ್ತು ತಿರುಗಿಸದೆ ಹೆಜ್ಜೆ ಇಟ್ಟವನು ಅಂದ್ರೆ ನೀನೊಬ್ಬನೇ ಕಣೋ. ನಂಗೆ ಕಾಣ್ತಿರಲಿಲ್ಲ. ಬಾಯಿಬಿಟ್ಟು ಹೇಳೋಕೆ ನಾಚಿಕೆ ಆಯ್ತು. ಕೆಲಸ ಹೋಗುತ್ತೆ ಅಂತ ಅಲ್ಲ, ನೀನು ಅಷ್ಟು ಜನದ ಮುಂದೆ ನನ್ನನ್ನ ದೊಡ್ಡವನು ಮಾಡಿ ನಿಲ್ಲಿಸಿದ್ದೆ. ಅದಕ್ಕೆ ಬಾ ಅಂದೆ. ಒಂಬತ್ತು ವರ್ಷದವನನ್ನ ಕೈಹಿಡಿದು ಕರ್ಕೊಂಡು ಬಂದವನು, ನಾನೇ ಬೀಳಿಸ್ಬಿಟ್ಟೆ.’

ಬಾಮೈದ ಬಾಯಿ ತೆರೆದ. ಐದು ವಾರ ಮಂಚದ ಮೇಲೆ ಮಲಗಿ ಸಿದ್ಧಮಾಡಿಕೊಂಡಿದ್ದ ಒಂದು ಮಾತಿತ್ತು, ಅದನ್ನು ಆಡುವುದಕ್ಕೆಂದೇ ಅವನು ಹೊರಗೆ ಬಂದಿದ್ದು. ಅವನಿಗಿಂತ ಮೊದಲು ಭಾವ ಅದನ್ನು ಆಡಿಬಿಟ್ಟರು.

‘ಹೊಟ್ಟೆಗೆ ಹಾಕ್ಕೊಳ್ಳೋ’ ಎಂದರು, ಅವನು ಇಲ್ಲದ ಕಡೆಗೆ ಮುಖ ಮಾಡಿ.